ಕತ್ತಿನ ಕೆಂಪು-ಕಂದು ಕಲೆಗೆ ಐಪಿಎಲ್: ನನ್ನ ಅನುಭವ

ನಮ್ಮ ಕಡೆಯ ಚರ್ಮಕ್ಕೆ ಐಪಿಎಲ್ (ತೀವ್ರ ಬೆಳಕಿನ ಮಿಂಚು ಹಾಯಿಸುವ ಚಿಕಿತ್ಸೆ) ಹಿಡಿದರೆ ಸುಟ್ಟ ಪಟ್ಟೆ ಏಳುತ್ತದೆ, ಆ ಗೊಡವೆ ಬೇಡ ಎಂದು ಬೆಳಗಾವಿಯ ಸ್ನೇಹಿತರು ಎಚ್ಚರಿಸಿದ್ದರು. ಈಗ ಅವರೇ ಸಿವಾಟ್ ಪೊಯ್ಕಿಲೋಡರ್ಮಾ, ಅಂದರೆ ಬಿಸಿಲು ಬೀಳುವ ಕತ್ತಿನಲ್ಲಿ ಏಳುವ ಈ ಕೆಂಪು-ಕಂದು ಕಲೆ ಇರುವವರನ್ನು ವಿಜಯಪುರಕ್ಕೆ ನನ್ನ ಬಳಿ ಚಿಕಿತ್ಸೆಗೆ ಕಳುಹಿಸುತ್ತಾರೆ.

ಬರುವವರಲ್ಲಿ ಹೆಚ್ಚಿನವರು ಭಂಗು ಎಂದು ನಂಬಿ ವರ್ಷಗಟ್ಟಲೆ ಹೈಡ್ರೋಕ್ವಿನೋನ್ ಎಂಬ ಕಲೆ ತಿಳಿ ಮಾಡುವ ಕ್ರೀಮು ಹಚ್ಚಿದವರು. ಇದು ಭಂಗಲ್ಲ ಎಂಬುದಕ್ಕೆ ಗುರುತುಗಳಿವೆ: ಗದ್ದದ ಕೆಳಗಿನ ನೆರಳು ಜಾಗ ತಿಳಿಯಾಗಿಯೇ ಉಳಿದಿರುತ್ತದೆ. ಗಾಜಿನ ಸ್ಲೈಡ್ ಒತ್ತಿದರೆ ಕೆಂಪು ಇಳಿಯುತ್ತದೆ. ರಕ್ತನಾಳದ ಆ ಕೆಂಪಿಗೆ ಕ್ರೀಮು ಏನು ಮಾಡೀತು? ಚರ್ಮದ ಮೇಲ್ಪದರ ಸುಲಿಸುವ ಗ್ಲೈಕಾಲಿಕ್ ಆಮ್ಲದ ಪೀಲ್‌ನಿಂದ ಉರಿ ಬಂತು, ಗುಣ ಬರಲಿಲ್ಲ. ಕಂದು ಬಣ್ಣವನ್ನು ಒಡೆಯುವ ಕ್ಯೂ-ಸ್ವಿಚ್ಡ್ ಲೇಸರ್‌ನಿಂದ ಕಂದು ತಿಳಿಯಾಯಿತು, ಕೆಂಪು ಇನ್ನಷ್ಟು ಎದ್ದು ಕಂಡಿತು. ಅಷ್ಟು ದುಡ್ಡು ಸುರಿದ ರೋಗಿಗಳ ಮುಖ ನೋಡುವುದು ಕಷ್ಟವಾಗಿತ್ತು.

ಕೊನೆಗೆ ಸುಮಾರು 6 ಲಕ್ಷ ಕೊಟ್ಟು ಬಳಸಿದ ಐಪಿಎಲ್ ಯಂತ್ರವೊಂದನ್ನು ತಂದೆ. ವರ್ಷ ತುಂಬುವುದರೊಳಗೆ ದೀಪ ಹೋಗಿ ಮತ್ತೆ 70 ಸಾವಿರದಷ್ಟು ಕೈಬಿಟ್ಟಿತು. ನಾನು ಬಳಸುವುದು 590 ನ್ಯಾನೋಮೀಟರ್ ಫಿಲ್ಟರ್, ಚದರ ಸೆಂಟಿಮೀಟರಿಗೆ 12 ಜೂಲ್ ಆಸುಪಾಸು, ಜೋಡಿ ಪಲ್ಸ್ (ಬೆನ್ನುಬೆನ್ನಿಗೆ ಎರಡು ಮಿಂಚು), ದಪ್ಪಗೆ ತಣ್ಣನೆಯ ಜೆಲ್. ಕಿವಿಯ ಕೆಳಗೆ ಒಂದು ಹೊಡೆತ ಕೊಟ್ಟು, ಕೆಲವು ವಾರ ಕಾದು, ಕಪ್ಪಾಗದಿದ್ದರೆ ಮಾತ್ರ ಮುಂದುವರಿಯುತ್ತೇನೆ. ಬೆಳಕು ಬಿಡುವ ಹ್ಯಾಂಡ್‌ಪೀಸನ್ನು ಚರ್ಮಕ್ಕೆ ಒತ್ತಬೇಡಿ, ಒತ್ತಿದರೆ ನಾಳದ ರಕ್ತ ಸರಿದು ಬೆಳಕಿಗೆ ಗುರಿಯೇ ಇಲ್ಲವಾಗುತ್ತದೆ. ಪ್ರತಿ ಬಾರಿ ಅದರ ದಿಕ್ಕು ತಿರುಗಿಸಿದರೆ ಪಟ್ಟೆ ಬೀಳುವ ಭಯ ಕಡಿಮೆ. ಪಲ್ಸ್‌ಗಳ ನಡುವಿನ ಬಿಡುವನ್ನು ನಾನು ಹೊಂದಿಸುವ ಬಗೆ ಮಾತ್ರ ನನ್ನಲ್ಲೇ ಇರಲಿ. ತಿಂಗಳಿಗೊಂದರಂತೆ ನಾಲ್ಕೈದು ಸಲಕ್ಕೆ ಕೆಂಪು ಮುಕ್ಕಾಲು ಪಾಲು ಇಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಇಷ್ಟು ಸ್ವಚ್ಛವಾಗಿ ಮಾಡುವವರು ಬೇರೆ ಇಲ್ಲ ಎಂದೇ ನನ್ನ ನಂಬಿಕೆ. ಒಮ್ಮೆಗೆ 3 ಸಾವಿರ ತೆಗೆದುಕೊಳ್ಳುತ್ತೇನೆ. ಮಾರ್ಚ್‌ನಿಂದ ಮೇವರೆಗೆ ಯಾರಿಗೂ ಆರಂಭಿಸುವುದಿಲ್ಲ. ಬಿಸಿಲಿಗೆ ಕಪ್ಪಾದ ಚರ್ಮ ಬೇಗ ಸುಡುತ್ತದೆ.

ಈ ನಡುವೆ ಕಲೆಗೆ ಕಾರಣ ಹುಡುಕುತ್ತ ಅತ್ತರಿನ ಬೆನ್ನು ಹತ್ತಿದೆ. ಸುಗಂಧಗಳಿಗೆ ಬೆರೆಸುವ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ವಸ್ತು ಬಿಸಿಲಿನೊಡನೆ ಸೇರಿ ಚರ್ಮ ಕೆಡಿಸುತ್ತದೆ. ಅತ್ತರನ್ನು ಕತ್ತಿಗೆ ಹಚ್ಚುವವರಿಗೆಲ್ಲ ಬಟ್ಟೆಗೆ ಹಚ್ಚಿ ಎಂದೆ. ಕೇಳಿದವರಲ್ಲಿ ಕಲೆ ಮರಳಿದ್ದು ಕಡಿಮೆ. ಇಳಕಲ್ ಸೀರೆಯ ಸೆರಗನ್ನೂ ತೆಳು ದುಪಟ್ಟಾವನ್ನೂ ಬಿಸಿಲಿನ ಅತಿನೇರಳೆ ಕಿರಣ ಅಳೆಯುವ ಯುವಿ ಮೀಟರ್ ಮೇಲೆ ಹಿಡಿದು, ಯಾವುದು ಹೆಚ್ಚು ತಡೆಯುತ್ತದೆ ಎಂದು ನೋಡಿದೆ. ಒತ್ತು ನೇಯ್ಗೆಯ ಸೆರಗೇ ಗೆದ್ದಿತು. ಸನ್‌ಸ್ಕ್ರೀನ್‌ಗೆ ತಿಂಗಳಿಗೆ ಐನೂರು ಕೊಡಲಾಗದ ತಾಯಂದಿರಿಗೆ ತಲೆ, ಕತ್ತು ಮುಚ್ಚುವಂತೆ ಸೆರಗು ಹೊದೆಯಲು ಹೇಳುತ್ತೇನೆ.

ಕಲೆಯ ನಡುವೆ ಚರ್ಮ ತೆಳುವಾಗಿ ಬೆಳ್ಳಗಾದ ಚುಕ್ಕೆಗಳು ಮಾತ್ರ ಐಪಿಎಲ್‌ನಿಂದ ಹೋಗುವುದಿಲ್ಲ. ಚಿಕಿತ್ಸೆ ಕೊಡುವವರು ಅದನ್ನು ಹಣ ಪಡೆಯುವ ಮೊದಲೇ ರೋಗಿಗೆ ಹೇಳಿಬಿಡಿ.