ಮಷೀನಿನ ಪಿಸಿಗೆ ಹೊಸ ಎಸ್‌ಎಸ್‌ಡಿ: ಬೂಟ್ ಪಾರ್ಟಿಷನ್, ಡ್ರೈವ್ ಅಕ್ಷರ

ಪುಣೆಯ ಭೋಸರಿ, ಪಿಂಪ್ರಿ ಕಡೆ ಮಷೀನಿನ ಪ್ಯಾನೆಲ್ ಒಳಗಿರುವ ವಿಂಡೋಸ್ 10 ಐಒಟಿ ಪಿಸಿಯ ಎಸ್‌ಎಸ್‌ಡಿ ಬದಲಿಸುವುದಿದ್ದರೆ ಗುರುವಾರ ಇಟ್ಟುಕೊಳ್ಳಿ. ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಅಂದು ವಾರದ ರಜೆ, ಬೆನ್ನ ಹಿಂದೆ ಸೂಪರ್‌ವೈಸರ್ ನಿಂತಿರುವುದಿಲ್ಲ. ಹಳೆಯ ಡಿಸ್ಕಿನ ಸಿ ಪಾರ್ಟಿಷನ್ನನ್ನು ವಿಮ್ ಇಮೇಜ್ (ಇಡೀ ಪಾರ್ಟಿಷನ್ನಿನ ನಕಲಿರುವ ಒಂದೇ ಫೈಲ್) ಮಾಡಿ, ಡಿ ಡೇಟಾ ಕಾಪಿ ಮಾಡಿಟ್ಟುಕೊಳ್ಳಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಫೋಟೋವನ್ನೂ ಹೊಡೆದುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್‌ಸ್ಟಾಲರ್ ಪೆನ್‌ಡ್ರೈವನ್ನು ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಹೊಸ ಬಗೆ) ಮೋಡಿನಲ್ಲೇ ಬೂಟ್ ಮಾಡಿ. ಮೊದಲ ಪರದೆಯಲ್ಲಿ ಶಿಫ್ಟ್, ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್ ಎಂದು ಕೊಡಿ. ಡಿಸ್ಕನ್ನು ಗಾತ್ರ ನೋಡಿ ಗುರುತಿಸಿ, ನಂಬರ್ ನಂಬಬೇಡಿ. ಒಮ್ಮೊಮ್ಮೆ ಪೆನ್‌ಡ್ರೈವೇ 0 ಆಗಿ ಕೂತಿರುತ್ತದೆ. 64 ಜಿಬಿಯದು 59 ಎಂದು ಕಾಣುತ್ತದೆ, ಗಾಬರಿ ಬೇಡ. ಸೆಲೆಕ್ಟ್ ಮಾಡಿ ಕ್ಲೀನ್ ಕೊಟ್ಟ ಮೇಲೆ ಇದ್ದದ್ದೆಲ್ಲ ಹೋಯಿತೆಂದೇ ಲೆಕ್ಕ.

ಕನ್ವರ್ಟ್ ಜಿಪಿಟಿ (ಯುಇಎಫ್‌ಐಗೆ ಬೇಕಾದ ಪಾರ್ಟಿಷನ್ ಪದ್ಧತಿ) ಆದ ಮೇಲೆ ಪಾರ್ಟಿಷನ್‌ಗಳ ಕ್ರಮ ಹೀಗೆ:
1. ಇಎಫ್‌ಐ, ಬೂಟ್ ಫೈಲ್‌ಗಳಿಗೆ, 260 ಎಂಬಿ, ಫ್ಯಾಟ್32, ತಾತ್ಕಾಲಿಕ ಅಕ್ಷರ ಎಸ್
2. ಎಂಎಸ್‌ಆರ್, ವಿಂಡೋಸ್ ತನಗೆಂದು ಕಾದಿಡುವ ಜಾಗ, 16 ಎಂಬಿ, ಫಾರ್ಮ್ಯಾಟ್ ಬೇಡ
3. ವಿಂಡೋಸ್‌ಗೆ ಪ್ರೈಮರಿ, 40960 ಎಂಬಿ, ಎನ್‌ಟಿಎಫ್‌ಎಸ್, ತಾತ್ಕಾಲಿಕ ಅಕ್ಷರ ಡಬ್ಲ್ಯೂ
4. ಉಳಿದದ್ದೆಲ್ಲ ಡೇಟಾಗೆ, ಎನ್‌ಟಿಎಫ್‌ಎಸ್

ಆಕ್ಟಿವ್ ಕಮಾಂಡ್ ಇಲ್ಲಿ ಬೇಡ, ಅದು ಹಳೆಯ ಎಂಬಿಆರ್ ಡಿಸ್ಕ್‌ಗಳಿಗೆ. ಡಿಸ್ಮ್ ಎಂಬ ಕಮಾಂಡಿನಿಂದ ಇಮೇಜನ್ನು ಡಬ್ಲ್ಯೂಗೆ ಇಳಿಸಿ. ಬಳಿಕ ಬೂಟ್ ಫೈಲ್‌ಗಳನ್ನು ಬರೆಯುವ ಬಿಸಿಡಿಬೂಟ್ ಕಮಾಂಡಿಗೆ ಡಬ್ಲ್ಯೂನ ವಿಂಡೋಸ್ ಫೋಲ್ಡರ್ ತೋರಿಸಿ, ಸ್ಲ್ಯಾಶ್ ಎಸ್ ಮುಂದೆ ಎಸ್ ಡ್ರೈವ್, ಸ್ಲ್ಯಾಶ್ ಎಫ್ ಮುಂದೆ ಯುಇಎಫ್‌ಐ ಎಂದು ಕೊಡಿ. ಬೂಟ್ ಎಂಟ್ರಿ ಹುಡುಕುವುದು ಅಕ್ಷರವನ್ನಲ್ಲ, ಪಾರ್ಟಿಷನ್ನಿನ ಗುರುತನ್ನು. ಹಳೆಯ ಎಂಟ್ರಿಯನ್ನೇ ತಂದು ಹಾಕಿದರೆ ಆ ಗುರುತು ಹೊಸ ಡಿಸ್ಕಿನಲ್ಲಿ ಸಿಗದೆ ಸಿ000000ಇ ಎರರ್ ಬರುತ್ತದೆ. ಬಿಸಿಡಿಬೂಟ್ ಮತ್ತೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೆಚ್ಚು ಜನ ಎಡವುವುದು ಅಕ್ಷರಗಳಲ್ಲಿ. ಅಕ್ಷರ ಡಿಸ್ಕಿನ ಮೇಲೆ ಬರೆದಿರುವುದಿಲ್ಲ. ಪ್ರತಿ ವಿಂಡೋಸ್ ತನ್ನ ರಿಜಿಸ್ಟ್ರಿಯ ಮೌಂಟೆಡ್‌ಡಿವೈಸಸ್ ಎಂಬ ಕೀಯಲ್ಲಿ ಸ್ವಂತ ಲೆಕ್ಕ ಇಟ್ಟಿರುತ್ತದೆ. ಇನ್‌ಸ್ಟಾಲರಿನಲ್ಲಿ ಡಬ್ಲ್ಯೂ ಆಗಿದ್ದದ್ದು ಬೂಟ್ ಆದ ಮೇಲೆ ಸಿ ಆಗುವುದು ಅದಕ್ಕೇ. ಸಿಸ್‌ಪ್ರೆಪ್ (ಬೇರೆಡೆ ಇಳಿಸಲು ವಿಂಡೋಸನ್ನು ಸಜ್ಜು ಮಾಡುವ ಟೂಲ್) ಮಾಡದ ಇಮೇಜಿನಲ್ಲಿ ಹಳೆಯ ಲೆಕ್ಕ ಉಳಿದು, ವಿಂಡೋಸ್‌ಗೆ ಬೇರೆ ಅಕ್ಷರ ಬಿದ್ದು, ಲಾಗಿನ್ ಹೊತ್ತಿಗೆ ಪರದೆ ಕಪ್ಪಾಗಬಹುದು. ಆಗ ಇನ್‌ಸ್ಟಾಲರಿಗೇ ಮರಳಿ, ರೆಜ್ ಲೋಡ್‌ನಿಂದ ಆ ವಿಂಡೋಸ್‌ನ ಸಿಸ್ಟಮ್ ಹೈವ್ (ರಿಜಿಸ್ಟ್ರಿ ಫೈಲ್) ತೆರೆದು, ಮೌಂಟೆಡ್‌ಡಿವೈಸಸ್ ಕೀಯೊಳಗಿನ ಎಂಟ್ರಿಗಳನ್ನಷ್ಟೇ ಅಳಿಸಿ ಅನ್‌ಲೋಡ್ ಮಾಡಿ. ಮುಂದಿನ ಬೂಟಿನಲ್ಲಿ ಹೊಸ ಲೆಕ್ಕ ತಾನೇ ಹುಟ್ಟುತ್ತದೆ.

ಇನ್ನೊಂದು ಕಾಟ ಕಾರ್ಡ್ ರೀಡರಿನದು. ಖಾಲಿ ಸ್ಲಾಟ್ ಡಿ ಅಕ್ಷರ ನುಂಗಿ, ಡೇಟಾ ಇ ಆಗಿರುತ್ತದೆ. ಎಚ್‌ಎಂಐ (ಮಷೀನ್ ನಡೆಸುವ ಪರದೆಯ) ಪ್ರೋಗ್ರಾಂ ಡಿಯಲ್ಲೇ ರೆಸಿಪಿ, ಅಂದರೆ ಕೆಲಸದ ಸೆಟ್ಟಿಂಗ್ ಫೈಲ್, ಹುಡುಕಿ ಸುಮ್ಮನಾಗುತ್ತದೆ. ಮೊದಲು ರೀಡರಿಗೆ ಆರ್ ಕೊಡಿ, ಆಮೇಲೆ ಡೇಟಾಗೆ ಡಿ. ತಿರುಗುಮುರುಗು ಮಾಡಿದರೆ ಅಕ್ಷರ ಖಾಲಿಯಿಲ್ಲ ಎನ್ನುತ್ತದೆ.

ಇಷ್ಟಾಗಿಯೂ ರೀಸ್ಟಾರ್ಟ್ ಆದೊಡನೆ ಹಳೇ ಅಕ್ಷರವೇ ಬಂದರೆ ರೈಟ್ ಫಿಲ್ಟರ್ ಆನ್ ಇದೆ ಎಂದರ್ಥ. ಸಿ ಮೇಲಿನ ಬದಲಾವಣೆಯನ್ನೆಲ್ಲ ಅದು ರೀಸ್ಟಾರ್ಟಿಗೆ ಒರೆಸಿಹಾಕುತ್ತದೆ. ಯುಡಬ್ಲ್ಯೂಎಫ್‌ಎಂಜಿಆರ್ ಎಂಬ ಕಮಾಂಡಿನಲ್ಲಿ ಫಿಲ್ಟರ್ ಡಿಸೇಬಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ಅಕ್ಷರ ಬದಲಿಸಿ, ಮತ್ತೆ ಎನೇಬಲ್ ಮಾಡಿ ಇನ್ನೊಂದು ರೀಸ್ಟಾರ್ಟ್. ಪ್ಯಾನೆಲ್ ಬಾಗಿಲು ಹಾಕುವ ಮುನ್ನ ಪೆನ್‌ಡ್ರೈವ್ ಚುಚ್ಚಿಯೇ ಒಮ್ಮೆ ಬೂಟ್ ಮಾಡಿ, ಡಿ ಅಲುಗಿಲ್ಲವೇ ನೋಡಿ.