ಪೀಣ್ಯದ ಹುಡುಗನಿಗೆ ಇಂಗ್ಲಿಷ್ ಎಷ್ಟನೇ ಭಾಷೆ?

ಭಾರತದಲ್ಲಿ ಇಂಗ್ಲಿಷ್ ಎರಡನೇ ಭಾಷೆ, ಜಪಾನಿನಲ್ಲಿ ವಿದೇಶಿ ಭಾಷೆ. ಕ್ಲಾಸಿನ ಹೊರಗೂ ಬಳಕೆಯಲ್ಲಿದ್ದರೆ ಎರಡನೆಯದು, ಕ್ಲಾಸಿನೊಳಗೆ ಮಾತ್ರ ಇದ್ದರೆ ವಿದೇಶಿ. ಬಿ.ಎಡ್. ಪರೀಕ್ಷೆಗೆ ಇಷ್ಟನ್ನು ಬಾಯಿಪಾಠ ಮಾಡಿದ್ದೆ.

ಆಮೇಲೆ ಬೆಂಗಳೂರಿನ ಪೀಣ್ಯದ ಹತ್ತಿರ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯೊಂದಕ್ಕೆ ಅತಿಥಿ ಶಿಕ್ಷಕಿಯಾಗಿ ಹೋದೆ. ಐದನೇ ಕ್ಲಾಸು. ನಮ್ಮಲ್ಲಿ 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಹಾಗಾಗಿ ಆ ಮಕ್ಕಳು ಆಗಲೇ ನಾಲ್ಕು ವರ್ಷ ಕಲಿತಿದ್ದರು. ಒಬ್ಬ ಹುಡುಗ ಬಾಗಿಲ ಹತ್ತಿರ ನಿಂತು ‘ಮೇಐಗೋ ಮಿಸ್’ ಅಂದ. ‘ವೇರ್ ಆರ್ ಯು ಗೋಯಿಂಗ್?’ ಅಂತ ಕೇಳಿದೆ. ಪಾಪ, ಇನ್ನೂ ಜೋರಾಗಿ ‘ಮೇಐಗೋ!’ ಅಂದ. ಅವನಿಗೆ ಅದು ಬಾಗಿಲು ದಾಟಿಸುವ ಒಂದೇ ಪದ.

ಅತಿಥಿ ಶಿಕ್ಷಕಿಯ ಸಂಬಳಕ್ಕೆ ಸಂಜೆ ಮನೆಪಾಠ ಬೇಕೇ ಬೇಕು. ಗಂಡನ ಕೆಲಸಕ್ಕೆಂದು ಇಲ್ಲಿಗೆ ಬಂದ ಜಪಾನಿ ಹೆಂಗಸೊಬ್ಬರು ಸಿಕ್ಕರು. ಅವರ ಗ್ರಾಮರ್ ನನಗಿಂತ ಗಟ್ಟಿ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಆಟೋದವರ ಜೊತೆ, ವಾಚ್‌ಮನ್ ಜೊತೆ ಅವರಿಗೆ ಇಂಗ್ಲಿಷೇ ಗತಿ. ಮೂರೇ ತಿಂಗಳಲ್ಲಿ, ಮೀಟರ್ ಮೇಲೆ ಇಪ್ಪತ್ತು ಕೇಳಿದವನ ಜೊತೆ ಜಗಳ ಆಡಿದ್ದನ್ನು ಇಂಗ್ಲಿಷಿನಲ್ಲೇ ಒಪ್ಪಿಸಿದರು! ನನ್ನ ಬಾಯಿಪಾಠ ಉಲ್ಟಾ ಆಗಿತ್ತು. ಎರಡನೇ ಭಾಷೆ ಅವರಿಗೆ, ವಿದೇಶಿ ಭಾಷೆ ನಮ್ಮ ಹುಡುಗನಿಗೆ.

ಅವನ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಕಣ್ಣಿಗೆ ಬೀಳುತ್ತೆ, ಕಿವಿಗೆ ಬೀಳಲ್ಲ. ಸರಿ, ಕಣ್ಣಿಗೆ ಬೀಳುವುದರಿಂದಲೇ ಶುರು ಮಾಡೋಣ ಅಂದುಕೊಂಡೆ. 1979ರಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಇದೇ ಊರಿನಲ್ಲಿ ಶುರು ಮಾಡಿದ ‘ಬೆಂಗಳೂರು ಪ್ರಾಜೆಕ್ಟ್’ ನೆನಪಾಯಿತು. ಅಲ್ಲಿ ವ್ಯಾಕರಣ ಹೇಳಿಕೊಡುವ ಬದಲು ನಕ್ಷೆ, ರೈಲಿನ ಟೈಮ್‌ಟೇಬಲ್ ಕೊಟ್ಟು ಮಕ್ಕಳ ತಲೆಗೆ ಕೆಲಸ ಕೊಡುತ್ತಿದ್ದರು. ನಾನು ಬಿಸ್ಕತ್ ಪ್ಯಾಕೆಟ್ ತರಲು ಹೇಳಿದೆ.

ಪ್ಯಾಕೆಟ್ ಮೇಲೆ ‘ಬೆಸ್ಟ್ ಬಿಫೋರ್ ಸಿಕ್ಸ್ ಮಂತ್ಸ್ ಫ್ರಮ್ ಮ್ಯಾನುಫ್ಯಾಕ್ಚರ್’ ಅಂತಿತ್ತು. ಇವತ್ತು ತಿನ್ನಬಹುದಾ, ಇಲ್ವಾ? ಒಬ್ಬ ಹುಡುಗಿ ಎದ್ದು, ‘ಆರು ತಿಂಗಳ ಮುಂಚೆ ಚೆನ್ನಾಗಿತ್ತು, ಈಗ ಚೆನ್ನಾಗಿಲ್ಲ ಮಿಸ್’ ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವಳ ಲೆಕ್ಕ ಸುಮ್ನೆ ಅಲ್ಲ, ಅಪ್ಪಟ ಕನ್ನಡದ್ದು. ಆಫೀಸಿನವರೂ ‘ಬಿಫೋರ್ ಟೂ ಡೇಸ್’ ಮೇಲ್ ಕಳಿಸಿದೆ ಅಂತಾರೆ, ಅಲ್ವಾ? ‘ಹಂಗಾದ್ರೆ ಅಂಗಡೀಲಿ ಯಾಕೆ ಮಾರ್ತಾರೆ?’ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ನಾನು ಬಾಯಿ ಬಿಡಲಿಲ್ಲ. ಪ್ಯಾಕೆಟ್ ತಿರುಗಿಸಿ ತಯಾರಾದ ದಿನ ಹುಡುಕಿದರು. ಬೆರಳಲ್ಲಿ ತಿಂಗಳು ಎಣಿಸಿದರು. ‘ಫ್ರಮ್’ ಅಂದರೆ ಎಲ್ಲಿಂದ ಶುರು ಅಂತ ಅವರೇ ಹಿಡಿದರು. ಆಮೇಲೆ ಬಿಸ್ಕತ್ತು ಖಾಲಿ.

ಈ ಬಿಸ್ಕತ್ತಿನ ಜಗಳ ನಡೆದಿದ್ದು ಪೂರ್ತಿ ಕನ್ನಡದಲ್ಲಿ. ಇಂಗ್ಲಿಷಿನಲ್ಲೇ ಮಾತಾಡಿ ಅಂತ ಒಂದು ವಾರ ಹಟ ಹಿಡಿದು ನೋಡಿದ್ದೆ, ಇಡೀ ಕ್ಲಾಸು ಮೂಕವಾಗಿತ್ತು. ಈಗ ಬಾಗಿಲ ಹತ್ತಿರ ಮಾತ್ರ ಬಿಡಲ್ಲ. ಎಲ್ಲಿಗೆ, ಯಾಕೆ ಅಂತ ಇಂಗ್ಲಿಷಿನಲ್ಲಿ ಹೇಳಲೇಬೇಕು. ಮೊನ್ನೆ ಅದೇ ಹುಡುಗ ಬಂದು, ‘ವಾಟರ್ ಬಾಟಲ್ ಎಂಪ್ಟಿ ಮಿಸ್’ ಅಂದ.

ಬಾಟಲಿ ಅರ್ಧ ತುಂಬಿತ್ತು. ಕಳಿಸಿದೆ.