ಹಳೆಯ ಬಂಗಲೆಗೆ ಮೊದಲು ಒಂದು ಮಳೆಗಾಲ ಕೊಡಿ

ಕೊಡಗಿನ ಕಾಫಿ ತೋಟದ ನಡುವೆ ಇರುವ ಹಳೆಯ ಬಂಗಲೆಯನ್ನು ಐಷಾರಾಮಿ ಅತಿಥಿಗೃಹವನ್ನಾಗಿ ಮಾಡಹೊರಟವರು ಪೀಠೋಪಕರಣ ಕೊಳ್ಳುವುದಕ್ಕೆ ಮುಂಚೆ ಆ ಮನೆಯನ್ನು ಒಂದು ಪೂರ್ಣ ಮಳೆಗಾಲ ಗಮನಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಗಾಳಿಯೊಡನೆ ಓರೆಯಾಗಿ ಬಡಿಯುವುದರಿಂದ, ಬೇಸಿಗೆಯಲ್ಲಿ ಗಟ್ಟಿಮುಟ್ಟಾಗಿ ಕಾಣುವ ಪಶ್ಚಿಮದ ಗೋಡೆ ಎಲ್ಲಿ ನೆನೆಯುತ್ತದೆ, ಯಾವ ಕೋಣೆಯ ಮೂಲೆಗೆ ಬೂಷ್ಟು ಹಿಡಿಯುತ್ತದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂಬುದೆಲ್ಲ ಆಗಲೇ ತಿಳಿಯುವುದು. ಸೋರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಟ್ಟುಕೊಳ್ಳಿ.

ದುರಸ್ತಿಯನ್ನು ಮಾಡಿನಿಂದಲೇ ಆರಂಭಿಸಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಂಗಳೂರು ಹಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ತುಸು ಬೇರೆಯಾಗಿರುವುದರಿಂದ, ಹಳೆಯ ಸಾಲಿನ ನಡುವೆ ಹೊಸ ಹಂಚು ತುರುಕಿದರೆ ಸಂದು ಕೂಡುವುದಿಲ್ಲ. ಚೆನ್ನಾಗಿರುವ ಹಳೆಯ ಹಂಚುಗಳನ್ನೆಲ್ಲ ಆಯ್ದು ಮುಂಭಾಗದ ಇಳಿಜಾರಿಗೆ ಹೊದಿಸಿ, ಹೊಸದನ್ನು ಹಿಂಭಾಗಕ್ಕೆ ಹಾಕುವುದು ಸುಲಭದ ದಾರಿ. ಹಂಚು ಇಳಿಸಿದಾಗಲೇ ತೊಲೆಗಳು ಗೋಡೆಯ ಮೇಲೆ ಕೂತಿರುವ ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕು. ಗೆದ್ದಲೂ ಕೊಳೆತವೂ ಮೊದಲು ಸೇರುವುದು ಅಲ್ಲಿಗೇ.

ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಗೆ ಸಿಮೆಂಟ್ ಬಳಿಯಬಾರದು. ನೆಲದಿಂದ ಏರುವ ತೇವ ಸುಣ್ಣದ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಹಿಡಿಯುವುದರಿಂದ ಕೆಲವೇ ಮಳೆಗಾಲಗಳಲ್ಲಿ ಗಿಲಾವು ಉಬ್ಬಿ ಕಳಚತೊಡಗುತ್ತದೆ. ಸಿಮೆಂಟಾದರೆ ಬೇಗ ಮುಗಿಯುತ್ತದೆ ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ.

ಸ್ನಾನಗೃಹಗಳಿಗಾಗಿ ದೊಡ್ಡ ಕೋಣೆಗಳನ್ನು ಸೀಳುವುದಕ್ಕಿಂತ ಹಿಂದಿನ ಜಗಲಿಯನ್ನು ಬಳಸಿಕೊಂಡು, ನೀರಿನ ಕೊಳವೆಗಳನ್ನು ಗೋಡೆಯ ಹೊರಗೇ ಒಯ್ಯುವುದು ಲೇಸು. ಶೌಚಗುಂಡಿ ಬಾವಿಗಿಂತ ತಗ್ಗಿನಲ್ಲಿ, ಸಾಕಷ್ಟು ದೂರದಲ್ಲಿರಲಿ. ಕಾರು ನಿಲ್ಲಿಸುವ ಜಾಗಕ್ಕಾಗಿ ಜೆಸಿಬಿ ತಂದು ಗುಡ್ಡ ಕಡಿಯಬೇಡಿ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಇದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಭೂಪರಿವರ್ತನೆ, ಪಂಚಾಯಿತಿಯ ಪರವಾನಗಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಆಹಾರ ಪರವಾನಗಿ ಇವುಗಳ ವಿಚಾರಣೆ ಕೆಲಸ ಹಿಡಿಯುವ ಮೊದಲೇ ಆಗಬೇಕು. ಮನೆಯವರೇ ವಾಸವಿದ್ದು ನಡೆಸುವ ಹೋಂಸ್ಟೇಗೂ ರೆಸಾರ್ಟಿಗೂ ನಿಯಮಗಳು ಒಂದೇ ಅಲ್ಲ.

ಕೊಡವರ ಮೂಲ ಮನೆತನದ ಮನೆಯಾದ ಐನ್‌ಮನೆಯ ಮಾತು ಬೇರೆ. 1854ರ ನಂತರ ಯುರೋಪಿಯನ್ ತೋಟಗಾರರು ಕಟ್ಟಿಸಿಕೊಂಡ ಬಂಗಲೆ ಒಬ್ಬ ಮಾಲೀಕನ ಸ್ವತ್ತಾಗಿರಬಹುದು. ಐನ್‌ಮನೆಯಾದರೋ ಇಡೀ ಒಕ್ಕಕ್ಕೆ, ಅಂದರೆ ಒಂದೇ ವಂಶದವರೆಲ್ಲರಿಗೂ, ಸೇರಿದ್ದು. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ಹಚ್ಚಿ ಹಿರಿಯರನ್ನು ನೆನೆಯುವ ಮನೆಯನ್ನು ಬಾಡಿಗೆಗೆ ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಒಕ್ಕದವರೆಲ್ಲ ಒಪ್ಪಿದರೂ ನಡುಬಾಡೆಯನ್ನೂ ಹಿರಿಯರ ಗುಡಿಯಾದ ಕೈಮಡವನ್ನೂ ಅತಿಥಿಗಳ ಓಡಾಟದಿಂದ ದೂರವಿಡಿ.

ಕಡಲ ತೀರದ ಹೋಟೆಲಿನವರು ಅಲೆಗಳನ್ನು ತೋರಿಸಿ ಹಣ ಪಡೆಯುತ್ತಾರೆ. ಇಲ್ಲಿ ತೋರಿಸಲು ಇರುವುದು ಬೆಳಗಿನ ಕಣಿವೆಯ ಮಂಜು. ಆ ನೋಟಕ್ಕಾಗಿ ಕಾಫಿಯ ನೆರಳು ಮರಗಳನ್ನು ಉರುಳಿಸುವ ಬದಲು ಮುಂದಿನ ಜಗಲಿಗೆ ಗಾಜು ಹಾಕದೆ ತೆರೆದಿಟ್ಟು, ಅಲ್ಲಿ ನಾಲ್ಕು ಬೆತ್ತದ ಕುರ್ಚಿಗಳನ್ನಿಡಿ. ಒಳಗಿನ ಅಗ್ಗಿಷ್ಟಿಕೆಯ ಹೊಗೆಗೂಡಿನಲ್ಲಿ ಹಕ್ಕಿಗಳು ಗೂಡು ಕಟ್ಟಿರುವುದುಂಟು. ಅದನ್ನು ಶುಚಿಗೊಳಿಸಿ, ಮೊದಲ ಅತಿಥಿ ಬರುವ ಮುನ್ನ ನೀವೇ ಒಂದು ರಾತ್ರಿ ಬೆಂಕಿ ಹಾಕಿ ಅಲ್ಲಿ ಮಲಗಿ ನೋಡಿ.